ನಿಧಾನಕ್ಕನ ಐದಡಿ ಹಲಗೆ

ಬೆಳಗಿನ ಐದೂಕಾಲು ಗಂಟೆ. ಗಾಜಿನ ಕಾರ್ಖಾನೆಯ ಹಿಂಭಾಗದಲ್ಲಿ, ಉಗ್ರಾಣದ ಗೋಡೆ ತಿರುಗುವ ಮೂಲೆಯಲ್ಲಿ, ಒಬ್ಬ ಹೆಂಗಸು ಓಡುತ್ತಿದ್ದಾರೆ. ನಿಂತ ವ್ಯಾಗನ್ನುಗಳ ಕಡೆಯಿಂದ ಮೂಲೆಗೆ ಬಂದು ಹಸಿರು ಬಾವುಟ ಬೀಸುತ್ತಾರೆ; ಆಚೆ ತುದಿಯ ಎಂಜಿನ್ನು ಗುರ್ ಎಂದು ಒಂದಿಷ್ಟು ತಳ್ಳುತ್ತದೆ. ಕೆಂಪು ಬೀಸುತ್ತಾರೆ, ನಿಲ್ಲುತ್ತದೆ. ತಿರುಗಿ ಓಡಿಹೋಗಿ, ಎರಡು ವ್ಯಾಗನ್ನುಗಳ ನಡುವೆ ಇನ್ನೆಷ್ಟು ಜಾಗ ಉಳಿದಿದೆ ಎಂದು ಬಗ್ಗಿ ನೋಡಿ, ಮತ್ತೆ ಮೂಲೆಗೆ ಓಟ. ಒಂದು ಕೊಂಡಿ ಹಾಕಬೇಕಾದರೆ ಇಂಥ ನಾಲ್ಕು ಓಟ ಬೇಕು.

ಇವರಿಗೆ ವಯಸ್ಸು ಐವತ್ತೊಂದು. ಎಡ ಮಂಡಿ ಈಗಾಗಲೇ ತಕರಾರು ಎತ್ತಿದೆ. ಅಂಗಳದಲ್ಲಿ ಎಲ್ಲರೂ ಕರೆಯುವುದು ನಿಧಾನಕ್ಕ ಎಂದು. ಹತ್ತೊಂಬತ್ತು ವರ್ಷದಿಂದ ಬಾಯಲ್ಲಿ ಒಂದೇ ಮಂತ್ರ: “ನಿಧಾನ, ನಿಧಾನ, ಇನ್ನೂ ನಿಧಾನ.” ಹೇಳುವವರು ಮಾತ್ರ ಓಡುತ್ತಲೇ ಇರುತ್ತಾರೆ.

ಕೆಲಸಕ್ಕೆ ಶಂಟಿಂಗ್ ಎಂದು ಹೆಸರು. ಕಾರ್ಖಾನೆಗೆ ಒಟ್ಟಾಗಿ ಬಂದ ವ್ಯಾಗನ್ನುಗಳನ್ನು ಬಿಡಿಸಬೇಕು. ಮರಳಿನದು ಮರಳಿನ ಹಳಿಗೆ, ಸೋಡಾಪುಡಿಯದು ಪುಡಿಯ ಹಳಿಗೆ, ಗಾಜು ತುಂಬಿದ್ದು ಹೊರಗೆ ಹೋಗುವ ಹಳಿಗೆ. ಎಂಜಿನ್ನಿಗೆ ಹಿಂದೆ ಮುಂದೆ ಆಡಲು ಇರುವ ಹಳಿ ಗಿಡ್ಡ. ಬಾಯ್ಲರಿನ ಗೋಡೆಗೆ ಹೋಗಿ ಮುಗಿಯುತ್ತದೆ. ಅದರಲ್ಲಿ ಎಂಜಿನ್ನಿನ ಜೊತೆ ಮೂರೇ ವ್ಯಾಗನ್ನು ಹಿಡಿಸುತ್ತವೆ. ನಾಲ್ಕನೆಯದನ್ನು ಎಳೆದುಕೊಂಡಿರೋ, ಅದರ ಬಾಲ ಹಳಿ ಕೂಡುವ ಜಾಗದ ಮೇಲೇ ಕೂತುಬಿಡುತ್ತದೆ, ಹಳಿ ಬದಲಿಸಲು ಆಗುವುದಿಲ್ಲ. ದಿನಕ್ಕೆ ಇಪ್ಪತ್ತೆರಡು ವ್ಯಾಗನ್ನು, ಅರವತ್ತರಿಂದ ಎಪ್ಪತ್ತು ಸಲ ಕೊಂಡಿ ಹಾಕುವುದು ಬಿಚ್ಚುವುದು, ಒಂಬತ್ತು ಕಿಲೋಮೀಟರು ನಡಿಗೆ. ಓಟ ಅದರ ಮೇಲಿನ ಕೊಸರು.

“ಮರಳಿನ ವ್ಯಾಗನ್ನಿಗೆ ಸ್ವಲ್ಪ ಜೋರಾಗಿ ತಾಗಿದ್ರೂ ಬೈಯೋರಿಲ್ಲ,” ಎನ್ನುತ್ತಾರೆ ನಿಧಾನಕ್ಕ. “ಗಾಜಿಂದು ಹಂಗಲ್ಲ. ಮಲಗಿರೋ ಮಗೂಗೆ ಹೊದಿಕೆ ಹೊದಿಸ್ದಂಗೆ ಮುಟ್ಟಬೇಕು. ಎಚ್ಚರ ಆಗ್ಬಾರ್ದು.”

ಬಂದಾಗ ಇವರು ಹಳಿಯ ಮೇಲೆ ಕಾಲಿಟ್ಟವರಲ್ಲ. ಗೇಟಿನಲ್ಲಿ ಕೂತು ವ್ಯಾಗನ್ನುಗಳ ನಂಬರು ಬರೆದುಕೊಳ್ಳುವ ಕೆಲಸ. ಬರೆಯುತ್ತಾ ಬರೆಯುತ್ತಾ ಯಾವುದನ್ನು ಮೊದಲು ಎಳೆದರೆ ಯಾವುದು ಸುಲಭವಾಗುತ್ತದೆ ಎಂಬುದು ತಲೆಗೆ ಹತ್ತಿತು. ಒಂದು ದಿನ ಅಂಗಳದವರು ಮೂರು ಗಂಟೆ ಒದ್ದಾಡುತ್ತಿದ್ದ ಗಂಟನ್ನು ಗೇಟಿನ ಕಿಟಕಿಯಿಂದಲೇ ಬಿಡಿಸಿ ಹೇಳಿದರು. ಡ್ರೈವರ್ ದೊಡ್ಡಪ್ಪ ಆಗ ಎಂಜಿನ್ನಿನಿಂದ ಇಳಿದು ಬಂದು, “ಅಲ್ಲಿ ಕೂತು ಹೇಳೋದು ಸುಲಭ ಕಣಮ್ಮ, ಬಂದು ಬಾವುಟ ಹಿಡಿ ನೋಡೋಣ,” ಎಂದರಂತೆ. ಹಿಡಿದರು. ಈ ದೊಡ್ಡಪ್ಪ ಯಾರ ದೊಡ್ಡಪ್ಪನೂ ಅಲ್ಲ. ಎಲ್ಲರಿಗಿಂತ ಹಿರಿಯರು, ಎಲ್ಲರ ಮೇಲೂ ರೇಗುತ್ತಾರೆ, ಅಷ್ಟೇ.

ಓಟ ಶುರುವಾಗಿ ಎರಡು ವರ್ಷವಾಯಿತು. ಮೊದಲು ಇಬ್ಬರಿದ್ದರು. ನಿಧಾನಕ್ಕ ಬಾವುಟ ತೋರಿಸುವುದು, ಜೊತೆಗಾರ ವ್ಯಾಗನ್ನುಗಳ ನಡುವೆ ಹೋಗಿ ಕೊಂಡಿ ಹಾಕುವುದು. ಆ ಜೊತೆಗಾರನನ್ನು ಎಲ್ಲರೂ ಕೊಂಡಿ ಎಂದೇ ಕರೆಯುತ್ತಾರೆ, ಆತನ ಹೆಂಡತಿಯೂ. ಆ ದಿನ ಮೂಲೆಯಲ್ಲಿ ನಿಧಾನಕ್ಕ ನಿಲ್ಲುವ ಜಾಗದಲ್ಲಿ ಯಾರೋ ಖಾಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಅವರು ಪೆಟ್ಟಿಗೆಗಳ ಮುಂದೆ ನಿಂತು ಹಸಿರು ಬೀಸಿ, ಅಲ್ಲಿ ಜಾಗ ಸಾಲದೆ ನಾಲ್ಕು ಹೆಜ್ಜೆ ಬಲಕ್ಕೆ ಸರಿದು ಕೆಂಪು ಬೀಸಿದರು, “ಹೋಗು” ಎಂದು ಕೊಂಡಿಗೆ ಹೇಳಿದರು. ಬಲಕ್ಕೆ ನಿಂತವರನ್ನು ಗೋಡೆ ನುಂಗಿಬಿಟ್ಟಿತ್ತು. ದೊಡ್ಡಪ್ಪನಿಗೆ ಹಸಿರು ಕಂಡಿತ್ತು, ಕೆಂಪು ಕಾಣಲಿಲ್ಲ. ವ್ಯಾಗನ್ನು ಇನ್ನೊಂದು ಮೊಳ ಬಂತು. ಕೊಂಡಿಯ ಬಲಗೈ ಮಣಿಕಟ್ಟಿನಿಂದ ಕೆಳಗೆ ಹೋಯಿತು.

ವಿಚಾರಣೆ ಮಾಡಿದ ಮೂವರು ಮಹಡಿಯ ಮೇಲಿನ ಕೋಣೆಯಲ್ಲಿ ಮೇಜಿನ ತುಂಬ ನಕ್ಷೆ ಹರಡಿಕೊಂಡು ಕೂತರು. ಎಂಜಿನ್ನು ಇಲ್ಲಿ, ಬಾವುಟ ಅಲ್ಲಿ. ನಡುವೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಕಾಣುತ್ತಿತ್ತು ಎಂದು ತೀರ್ಮಾನಿಸಿದರು. ಕಾಣುತ್ತಿತ್ತು ಎಂದಮೇಲೆ ರೈಲು ನಿಲ್ಲುವ ಮೊದಲೇ ಕೆಲಸಗಾರ ಒಳಗೆ ನುಗ್ಗಿದ್ದಾನೆ, ಸ್ವಂತ ಅಜಾಗ್ರತೆ. ಕೊಂಡಿಯ ಫೈಲಿನಲ್ಲಿ ಹಾಗೇ ಬರೆದರು. ಆ ಎರಡು ಪದದ ಮೇಲೆ ಆತ ಮತ್ತೆ ಹಳಿಯ ಅಂಗಳಕ್ಕೆ ಕಾಲಿಡುವಂತಿಲ್ಲ ಎಂದಾಯಿತು. ಈಗ ಮುಂಭಾಗದ ಗೇಟಿನಲ್ಲಿ, ಬಂದವರಿಗೆ ಎಡಗೈಯಿಂದ ಚೀಟಿ ಕೊಡುವ ಕೆಲಸ. ಆತನ ಜಾಗಕ್ಕೆ ಬೇರೆ ಯಾರನ್ನೂ ಹಾಕಲಿಲ್ಲ; ಕೊಂಡಿ ಹಾಕುವುದೂ ನಿಧಾನಕ್ಕನ ಪಾಲಿಗೇ ಬಂತು.

“ನಕ್ಷೇಲಿ ಗೋಡೆ ಅಂದ್ರೆ ಒಂದು ಗೆರೆ,” ಎನ್ನುತ್ತಾರೆ ನಿಧಾನಕ್ಕ. “ಗೆರೆ ಆಚೆ ಇರೋದೂ ಕಾಣುತ್ತೆ, ಈಚೆ ಇರೋದೂ ಕಾಣುತ್ತೆ. ‘ಹೋಗು’ ಅಂದವಳು ನಾನು, ಬರ್ಕೊಳ್ಳಿ ಅಂದೆ. ಬರ್ಕೊಳ್ಲಿಲ್ಲ. ನನ್ನ ಮಾತು ಅವರ ಪೆನ್ಸಿಲ್‌ಗಿಂತ ಸಣ್ಣದಾಗೋಯ್ತು.”

ಎರಡು ವರ್ಷ ಆ ಎರಡು ಪದ ಇವರನ್ನು ಬಿಡಲಿಲ್ಲ. ಈ ವರ್ಷ ಮೂರೂ ಪಾಳಿಗೆ ಹೊಸದಾಗಿ ಆರು ಜನರನ್ನು ತೆಗೆದುಕೊಳ್ಳುವುದೆಂದಾದಾಗ ತರಬೇತಿಗೆ ಒಂದು ಪುಟ್ಟ ಮಾದರಿ ರೈಲು ಬೇಕು ಎಂದು ಮ್ಯಾನೇಜರ್ ಹೊರಟರು. ಕಚೇರಿಯ ಎಂಜಿನಿಯರ್ ಬಣ್ಣಬಣ್ಣದ ಚಿತ್ರ ಬರೆದುಕೊಟ್ಟರು. ಮೊಟ್ಟೆಯಾಕಾರದ ಹಳಿ, ಸುತ್ತು ಹೊಡೆಯುವ ರೈಲು, ಒಂದು ಗುಡ್ಡ, ಗುಡ್ಡದೊಳಗೆ ಸುರಂಗ. ಉಗ್ರಾಣ ಮಾತ್ರ ಇಲ್ಲ, ನೋಡುವವರಿಗೆ ಅಡ್ಡವಾಗುತ್ತದಂತೆ.

“ನಮ್ಮ ಕಾರ್ಖಾನೇಲಿ ಗುಡ್ಡ ಎಲ್ಲಿದೆ ಸರ್?” ಎಂದು ನಿಧಾನಕ್ಕ ಕೇಳಿದರು.

“ಚೆನ್ನಾಗಿ ಕಾಣ್ಲಿ ಅಂತ ಅಮ್ಮ.”

“ಸುತ್ತು ಹೊಡೆಯೋ ರೈಲು ನೋಡಿ ಏನ್ ಕಲೀತಾರೆ? ನಮ್ ರೈಲು ಸುತ್ತು ಹೊಡೆಯಲ್ಲ, ಅಲ್ಲಲ್ಲೇ ಹಿಂದೆ ಮುಂದೆ ಆಡುತ್ತೆ. ನಾನೇ ಮಾಡ್ಕೊಡ್ತೀನಿ, ಮೂರು ವಾರ ಕೊಡಿ.”

ಹಾಗೆ ಹೇಳಿ ಮನೆಗೆ ಬಂದು ಗಂಡನ ಮುಂದೆ ನಿಂತರು. ಗಂಡ ದರ್ಜಿ. ಮನೆಯ ಮುಂಗೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿಗೆ ಒಂದು ಮಡಚುವ ಹಲಗೆ. ಐದಡಿ ಉದ್ದ, ಒಂದಡಿ ಅಗಲ. ಹೆಂಡತಿಯ ಕಣ್ಣು ಅದರ ಮೇಲೆ ಬಿದ್ದಾಗಲೇ ಅವರಿಗೆ ಗೊತ್ತಾಯಿತಂತೆ.

“ಅದನ್ನ ಮುಟ್ಟಬೇಡ ಕಣೇ. ಪ್ಯಾಂಟ್ ಎಲ್ಲಿ ಹಾಸಿ ಕತ್ತರಿಸ್ಲಿ?”

“ಮೂರು ವಾರ ಚಡ್ಡಿ ಹೊಲೀರಿ.”

ಭಾನುವಾರ ಅಂಗಳವನ್ನೆಲ್ಲ ಹೆಜ್ಜೆಯಲ್ಲಿ ಅಳೆದು ಬಂದರು. ದರ್ಜಿಯ ಟೇಪಿನಲ್ಲಿ ನಾಲ್ಕು ಹೆಜ್ಜೆಗೆ ಒಂದು ಇಂಚು ಎಂದು ಗಂಡ ಲೆಕ್ಕ ಹಾಕಿದರು. ಅಳತೆಯ ಮಾತಿನಲ್ಲಿ ಅವರದೇ ಕೊನೆಯ ತೀರ್ಪು. ಹನ್ನೆರಡು ಹೆಜ್ಜೆಯ ವ್ಯಾಗನ್ನು ಮೂರು ಇಂಚಾಯಿತು. ಮರದ ತುಂಡುಗಳೇ ವ್ಯಾಗನ್ನು, ಸೈಕಲ್ಲಿನ ಕಡ್ಡಿಗಳೇ ಹಳಿ, ಗುಂಡುಸೂಜಿಯ ಮೇಲೆ ತಿರುಗುವ ತುಂಡು ಕಡ್ಡಿ ಹಳಿ ಬದಲಿಸಲಿಕ್ಕೆ. ವ್ಯಾಗನ್ನು ಕೂಡಿಸುವ ಕೊಂಡಿಗೆ ಏನು ಮಾಡುವುದೆಂದು ಎರಡು ದಿನ ತಲೆ ಕೆಡಿಸಿಕೊಂಡರು. ಕೊನೆಗೆ ರವಿಕೆಯ ಹುಕ್ಕು. ಒಂದು ವ್ಯಾಗನ್ನಿಗೆ ಹುಕ್ಕು, ಎದುರಿನದಕ್ಕೆ ಅದರ ಕುಣಿಕೆ. ದೂಡಿದರೆ ಕೂಡುತ್ತದೆ, ಬೆರಳಿನಿಂದ ಎತ್ತಿದರೆ ಬಿಡುತ್ತದೆ. ಮೋಟಾರು ಇಲ್ಲ, ಎಂಜಿನ್ನನ್ನು ಹಿಂದಿನಿಂದ ಅಡಿಕೋಲಿನಲ್ಲಿ ತಳ್ಳಬೇಕು.

ಮೂರು ಹಳಿ, ಒಂದರಲ್ಲಿ ಐದು ವ್ಯಾಗನ್ನು, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ನು ಆಡುವ ಹಳಿಗೆ ಹನ್ನೆರಡೇ ಇಂಚು. ಹಲಗೆಯಲ್ಲಿ ಜಾಗ ಉಳಿದಿತ್ತು. ಸ್ವಲ್ಪ ಉದ್ದ ಮಾಡೇ, ಹೊಸಬರಿಗೆ ಸುಲಭವಾಗುತ್ತೆ ಎಂದು ಗಂಡ ಹೇಳಿ ನೋಡಿದರು. ಒಪ್ಪಲಿಲ್ಲ. “ಉದ್ದ ಮಾಡಿದ್ರೆ ಆಟ ಆಗುತ್ತೆ ಕಣ್ರೀ. ಗಿಡ್ಡ ಇದ್ರೇನೇ ಕೆಲಸ.” ಕೊನೆಗೆ ಉಗ್ರಾಣ. ಒಂದು ಚಪ್ಪಲಿ ಡಬ್ಬಿ ತಂದು, ಮೂಲೆ ಎಲ್ಲಿ ಬರಬೇಕೋ ಅಲ್ಲಿ ಅಂಟಿಸಿದರು.

ಒಂದು ಸಂಜೆ ಕೊಂಡಿಯನ್ನು ಮನೆಗೆ ಕರೆದು ತೋರಿಸಿದರು. ಕೊಂಡಿ ಬಾಗಿಲಲ್ಲೇ ನಿಂತು ಹಲಗೆಯ ಕಡೆ ನೋಡಿ, ತಕ್ಷಣ ಮುಖ ತಿರುಗಿಸಿದರು.

“ಯಾಕಕ್ಕ ಇದೆಲ್ಲ? ನನ್ನ ಕೈ ಏನು ವಾಪಸ್ ಬರುತ್ತಾ?”

“ಕೈ ಬರಲ್ಲ. ನೀನು ಬರ್ತೀಯ.”

“ಗೇಟಲ್ಲಿ ಫ್ಯಾನ್ ಇದೆ ನಂಗೆ.”

“ಇದ್ರೂ ಮಧ್ಯಾಹ್ನ ಊಟದ ಡಬ್ಬಿ ಹಿಡ್ಕೊಂಡು ಬೇಲಿ ಹತ್ರ ಬಂದು ಯಾಕೆ ಕೂತ್ಕೋತೀಯ?”

ಕೊಂಡಿ ಕುಡಿಯುತ್ತಿದ್ದ ಚಹಾ ಮುಗಿಸಿ, ಮರಳಿನ ಹಳಿಯ ಎರಡನೆಯ ವ್ಯಾಗನ್ನಿನ ಹುಕ್ಕು ಉಲ್ಟಾ ಕೂತಿದೆ ಎಂದು ಹೇಳಿ ಹೋದರು. ಉಲ್ಟಾನೇ ಕೂತಿತ್ತು.

ಹೇಳಿದ ದಿನಕ್ಕೆ ಹಲಗೆ ಕಾರ್ಖಾನೆಗೆ ಬಂತು. ಕ್ಯಾಂಟೀನಿನ ಪಕ್ಕದ ಸಾಮಾನು ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಮೇಲೆ, ಸ್ಟೂಲಿನಲ್ಲಿ ಕೂತವರ ಕಣ್ಣಿಗೆ ಸರಿಯಾಗುವ ಎತ್ತರದಲ್ಲಿ ಇಟ್ಟರು. ಮ್ಯಾನೇಜರ್ ಬಂದು, ಸೊಂಟದ ಮೇಲೆ ಕೈಯಿಟ್ಟು, ಮೇಲಿನಿಂದ ನೋಡಿದರು.

“ಭೇಷ್. ಎಲ್ಲಾ ಕಾಣ್ತಿದೆಯಲ್ಲಮ್ಮ.”

“ಮೇಲಿಂದ ನೋಡಿದ್ರೆ ಎಲ್ಲರೂ ಬುದ್ಧಿವಂತರೇ ಸರ್. ದೊಡ್ಡಪ್ಪ ಎಂಜಿನ್ನಲ್ಲಿ ಕೂತ್ಕೊಂಡಿರ್ತಾರೆ. ನೀವೂ ಕೂತ್ಕೊಳ್ಳಿ.”

ಮ್ಯಾನೇಜರ್ ಸ್ಟೂಲಿನ ಮೇಲೆ ಕೂತು ಅಡಿಕೋಲು ಹಿಡಿದರು. ನಿಧಾನಕ್ಕ ಆಚೆ ತುದಿಗೆ ಹೋಗಿ, ಎರಡು ವ್ಯಾಗನ್ನುಗಳ ನಡುವೆ ಒಂದು ಸೀಮೆಸುಣ್ಣದ ತುಂಡನ್ನು ನೆಟ್ಟಗೆ ನಿಲ್ಲಿಸಿದರು. ತಾವು ನಿಲ್ಲುತ್ತಿದ್ದ ಜಾಗದಲ್ಲಿ ದಾರದ ಉರುಳೆಗಳನ್ನು ಪೇರಿಸಿದರು. ಅವೇ ಆ ದಿನದ ಖಾಲಿ ಪೆಟ್ಟಿಗೆಗಳು. ಸೂಜಿಗೆ ಸಿಕ್ಕಿಸಿದ ಹಸಿರು ಚಿಂದಿಯನ್ನು ಉರುಳೆಗಳ ಮುಂದೆ ಎತ್ತಿದರು. ಮ್ಯಾನೇಜರ್ ತಳ್ಳತೊಡಗಿದರು. ಹಸಿರು ಇಳಿಸಿ, ಚಪ್ಪಲಿ ಡಬ್ಬಿಯ ಮೂಲೆಯಲ್ಲಿ ಒಂದು ಇಂಚು ಬಲಕ್ಕೆ ಕೆಂಪು ಎತ್ತಿದರು. ಮ್ಯಾನೇಜರ್ ತಳ್ಳುತ್ತಲೇ ಇದ್ದರು. ಸೀಮೆಸುಣ್ಣ ಟಪ್ಪೆಂದು ಮುರಿಯಿತು.

“ನೀವು ಕೆಂಪು ತೋರಿಸ್ಲೇ ಇಲ್ಲವಲ್ಲ,” ಎಂದರು ಮ್ಯಾನೇಜರ್.

“ತೋರಿಸ್ತಾನೇ ಇದ್ದೀನಿ ಸರ್. ಇನ್ನೂ ಕೆಳಗಿಳಿಸಿಲ್ಲ.”

ಅವರು ಎದ್ದು ನೋಡಿದರು. ಕೆಂಪು ಚಿಂದಿ ಗೋಡೆಯ ಆಚೆ ಹಾಗೇ ನಿಂತಿತ್ತು. ಕೂತರು, ಮಾಯವಾಯಿತು. ಇನ್ನೊಂದು ತುಂಡು ಇಡಿಸಿದರು, ಅದೂ ಹೋಯಿತು. ಮೂರನೆಯ ಸಲ ತಮಗೇ ಗೊತ್ತಿದ್ದರೂ, ಕತ್ತು ಉದ್ದ ಮಾಡಿ ಇಣುಕಿದರೂ ಮುರಿಯಿತು. ಬಾಗಿಲ ಹತ್ತಿರ ನಿಂತಿದ್ದ ದೊಡ್ಡಪ್ಪ ಯಾರ ಮೇಲೂ ರೇಗದೆ ಮೂಗು ಒರೆಸಿಕೊಂಡರು. ಕಾಣಲಿಲ್ಲ ಎಂದು ಎರಡು ವರ್ಷದಿಂದ ಅವರೂ ಹೇಳುತ್ತಲೇ ಬಂದಿದ್ದರು.

ದೊಡ್ಡ ಮನುಷ್ಯರಿಗೆ ಇಂಥ ಹೊತ್ತಿನಲ್ಲಿ ಮಾತು ಬದಲಾಯಿಸುವುದು ರೂಢಿ. “ಬಹಳ ಚೆನ್ನಾಗಿದೆ ಅಮ್ಮ. ಗಾಜಿನ ಪೆಟ್ಟಿಗೆ ಮಾಡ್ಸಿ ಮುಂಭಾಗದ ಹಾಲ್‌ನಲ್ಲಿ ಇಡೋಣ. ನಿಮ್ಮ ಹೆಸರು ಹಾಕ್ಸೋಣ.”

“ಬೇಡ ಸರ್. ಅಲ್ಲಿಟ್ರೆ ಎಲ್ಲರೂ ನಿಂತ್ಕೊಂಡು ನೋಡಿ ಭೇಷ್ ಅಂತಾರೆ. ಹೆಸರೂ ಬೇಡ. ಮೂಲೆಗೆ ಒಬ್ಬ ಮನುಷ್ಯ ಬೇಕು. ನನ್ನನ್ನ ನೋಡಿ ದೊಡ್ಡಪ್ಪಂಗೆ ತೋರಿಸೋಕೆ.”

“ಬಾವುಟ ಹಿಡಿದು ನಿಲ್ಲೋದಕ್ಕೆ ಅಂತ ಒಬ್ಬರನ್ನ ಹೇಗೆ ಕೊಡ್ಲಿ? ಕೆಲಸ ಗೊತ್ತಿರೋ, ಎರಡು ಕೈ ಗಟ್ಟಿ ಇರೋವ್ರನ್ನೆಲ್ಲ ಕೊಂಡಿ ಹಾಕೋಕೆ ಹಾಕಿದೀವಿ.”

“ಇದಕ್ಕೆ ಒಂದು ಕೈ ಸಾಕು ಸರ್,” ಎಂದರು ನಿಧಾನಕ್ಕ.

ಮ್ಯಾನೇಜರ್ ನಿಧಾನಕ್ಕನನ್ನು ಒಮ್ಮೆ ನೋಡಿದರು, ಹಲಗೆಯ ಮೇಲಿನ ಸುಣ್ಣದ ಪುಡಿಯನ್ನು ಒಮ್ಮೆ ನೋಡಿದರು. ಎದ್ದು ಹೋದರು.

ಮೊನ್ನೆ ಗುರುವಾರ ಕಾಗದ ಬಂದಿದೆ. ಸೋಮವಾರದಿಂದ ಮೂರು ತಿಂಗಳು, ಪ್ರಯೋಗಕ್ಕೆಂದು, ಹಳೆಯ ನಿಷೇಧ ಸಡಿಲಿಸಿ, ಕೊಂಡಿಗೆ ಉಗ್ರಾಣದ ಮೂಲೆಯಲ್ಲಿ ಬಾವುಟದ ಕೆಲಸ. ಕೊಂಡಿ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಫ್ಯಾನ್ ಹೋಯ್ತಲ್ಲಕ್ಕ ಎಂದರಂತೆ. ಮಧ್ಯಾಹ್ನದ ಹೊತ್ತಿಗೆ ಹಳೆಯ ಬೂಟಿಗೆ ಹೊಸ ಲಾಡಿ ಕಟ್ಟಿಸಿಕೊಂಡು ಬಂದಿದ್ದರು. ದರ್ಜಿಯವರು ಆತನ ಅಂಗಿಯ ಎಡಗಡೆಗೆ ಬಾವುಟ ಸಿಕ್ಕಿಸುವ ಉದ್ದನೆಯ ಜೇಬು ಹೊಲಿಯುತ್ತಿದ್ದಾರೆ. ಹಲಗೆಯಿಲ್ಲದೆ ನೆಲದ ಮೇಲೆ ಹಾಸಿ ಕತ್ತರಿಸಿದ್ದರಿಂದ ಸೊಂಟ ಹಿಡಿದುಕೊಂಡಿದೆ ಎಂದು ಬೈಯುತ್ತಲೇ.

ಫೈಲಿನ ಎರಡು ಪದ ಮಾತ್ರ ಹಾಗೇ ಇವೆ. ವಿಚಾರಣೆ ಮುಗಿದ ಮೇಲೆ ತಿದ್ದುವ ಪದ್ಧತಿ ಇಲ್ಲವಂತೆ. ನಿಧಾನಕ್ಕ ಅರ್ಜಿ ಕೊಟ್ಟಿದ್ದಾರೆ, ಇನ್ನೊಂದು ಕೊಡುತ್ತಾರೆ. ಆ ಮೂವರೂ ಒಂದು ಸಲ ಬಂದು ಸ್ಟೂಲಿನ ಮೇಲೆ ಕೂರಬೇಕು ಎಂಬುದೊಂದೇ ಅವರ ಆಸೆ. ಬರುತ್ತಾರೆಯೇ ಎಂದು ಕೇಳಿದರೆ ಬಾವುಟಗಳನ್ನು ಸುರುಳಿ ಸುತ್ತುತ್ತಾ ನಗುತ್ತಾರೆ.

“ಬರದಿದ್ರೆ ಬಿಡಿ. ನಿನ್ನೆ ಹೊಸಬರನ್ನ ಒಬ್ಬೊಬ್ಬರನ್ನಾಗಿ ಕೂರಿಸ್ದೆ. ಆರೂ ಜನ ಸೀಮೆಸುಣ್ಣ ಮುರಿದ್ರು. ಆಮೇಲೆ ಕೇಳ್ದೆ, ಈಗ ಹೇಳಿ, ತಪ್ಪು ಯಾರ್ದು ಅಂತ. ಒಬ್ಬರ ಉತ್ತರ ಒಬ್ಬರಿಗೆ ಕೇಳಿಸ್ದಂಗೆ, ಹೊರಗೆ ಕರ್ಕೊಂಡೋಗಿ ಕೇಳ್ದೆ. ಆರಕ್ಕೆ ಆರೂ ಜನ ಗೋಡೆ ಕಡೆ ಬೆರಳು ತೋರಿಸಿದ್ರು.”