ಮಳೆಗಾಲಕ್ಕೆಂದು ಇಟ್ಟಿದ್ದ ಸಾಲು

ಎಂಬತ್ತರ ದಶಕದ ಕೊನೆಗೆ ನಾನು ಪುತ್ತೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ತಾತ್ಕಾಲಿಕ ಸಹಾಯಕಿಯಾಗಿದ್ದೆ. ಕೆಲಸ ಕಾಯಂ ಆಗದಿದ್ದರೆ ಘಟ್ಟದ ಬುಡದ ನನ್ನ ಮಳೆಯೂರು ಕೊಲ್ಲಮೊಗ್ರಿಗೆ ಹಿಂತಿರುಗಿ, ಮನೆಯವರು ನೋಡಿಟ್ಟ ಮದುವೆಗೆ ಒಪ್ಪಿಕೊಳ್ಳುವುದೊಂದೇ ದಾರಿ.

ವಿದ್ಯಾರ್ಥಿಗಳ ಅಂಕಪಟ್ಟಿಯ ಪ್ರೋಗ್ರಾಮನ್ನು ಲ್ಯಾಬಿನ ಮೇಷ್ಟ್ರು ಬರೆದಿದ್ದರು. ಅದರ ತುಂಡುಗಳನ್ನು ಯಂತ್ರದ ಭಾಷೆಗೆ ಕಂಪೈಲ್ ಮಾಡಿ ಜೋಡಿಸಲು, ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಒಂದು ಬ್ಯಾಚ್ ಫೈಲು. ಯಾವುದು ಯಾವ ಫ್ಲಾಪಿಗೆ ಹೋಗಬೇಕೆಂದು ಹೇಳುವ ವೇರಿಯಬಲ್‌ಗಳು ಅದರ ತಲೆಯಲ್ಲೇ ಎರಡು ಸಾಲುಗಳಲ್ಲಿ ಇದ್ದವು. ನಡುವೆ ಹುಟ್ಟುವ ಫೈಲುಗಳಿಗೆ ಒಂದು, ಕೊನೆಗೆ ಸಿದ್ಧವಾಗುವ ಪ್ರೋಗ್ರಾಮಿಗೆ ಇನ್ನೊಂದು. ಎರಡರಲ್ಲೂ ಬರೆದಿದ್ದದ್ದು ಬಿ ಡ್ರೈವ್, ಅಂದರೆ ಯಂತ್ರದ ಎರಡನೆಯ ಫ್ಲಾಪಿ ಕಿಂಡಿ ಎಂದೇ.

ನನಗೆ ಇಂಥದ್ದು ಕಂಡರೆ ಆಗುವುದಿಲ್ಲ. ಒಂದೇ ಬಾಗಿಲಿಗೆ ಎರಡು ಬೀಗ ಯಾಕೆ? ಮೇಷ್ಟ್ರು ರಜೆಯಲ್ಲಿದ್ದಾಗ, ಏಪ್ರಿಲಿನ ಒಂದು ಮಧ್ಯಾಹ್ನ, ಎರಡನ್ನೂ ಸೇರಿಸಿ ಒಂದು ಮಾಡಿದೆ. ಓಡಿಸಿ ನೋಡಿದೆ, ಸರಿಯಾಗಿತ್ತು. ಅವರಿಗೆ ಹೇಳುವಷ್ಟು ದೊಡ್ಡ ವಿಷಯ ಎನಿಸಲಿಲ್ಲ.

ಜೂನಿನಲ್ಲಿ ಪ್ರಿನ್ಸಿಪಾಲರು ಲ್ಯಾಬಿಗೆ ಬಂದರು. ನನ್ನ ಕೈಯಲ್ಲಿ ಪ್ರೋಗ್ರಾಮು ಸಿದ್ಧವಾಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಕಾಯಂ ಮಾಡುವುದೆಂದು ಹೇಳಿದ್ದರು. ಹೊರಗೆ ವಾರದಿಂದ ಬಿಡದ ಮಳೆ. ಫ್ಲಾಪಿಗಳ ಕಪಾಟಿನಲ್ಲಿ ಬೂಸ್ಟು ಹಿಡಿಯದಂತೆ ಬಲ್ಬು ಉರಿಯುತ್ತಿತ್ತು. ನಾನು ಬ್ಯಾಚ್ ಫೈಲು ಓಡಿಸಿದೆ. ಬಿ ಡ್ರೈವ್ ಸ್ವಲ್ಪ ಹೊತ್ತು ಗರಗರ ತಿರುಗಿ ನಿಂತಿತು. ಮೂರು ಸಲ ಪ್ರಯತ್ನಿಸಿದರೂ ಅದೇ ಹಾಡು.

"ಎಂತ ಇದು? ಮೊನ್ನೆವರೆಗೆ ಸರಿ ಇತ್ತಂತಲ್ಲ?" ಎಂದರು ಪ್ರಿನ್ಸಿಪಾಲರು.

ಪಕ್ಕದಲ್ಲಿದ್ದ ಮೇಷ್ಟ್ರು ಫೈಲು ತೆರೆದರು. ಎರಡು ಸಾಲಿರಬೇಕಾದಲ್ಲಿ ಒಂದೇ ಸಾಲು. ಅವರು ಒಮ್ಮೆ ನನ್ನ ಮುಖ ನೋಡಿದರು.

"ಇದರಲ್ಲಿ ನಾನು ಸ್ವಲ್ಪ ಬದಲು ಮಾಡಿದ್ದೆ ಸರ್. ಇವರದ್ದು ಎಂತ ತಪ್ಪಿಲ್ಲ," ಎಂದರು ಪ್ರಿನ್ಸಿಪಾಲರಿಗೆ.

ನಾನು ಪಕ್ಕಕ್ಕೆ ಸರಿದು ನಿಂತೆ. ಹತ್ತು ನಿಮಿಷದಲ್ಲಿ ಅವರು ಹಳೆಯ ಸಾಲನ್ನು ಮರಳಿ ಸೇರಿಸಿ ಅದರಲ್ಲಿ ಬಿ ಬದಲು ಎ ಎಂದು ಬರೆದರು, ಪ್ರೋಗ್ರಾಮು ಸಿದ್ಧವಾಯಿತು.

"ಇಷ್ಟು ವರ್ಷ ಆಯ್ತು, ಇನ್ನೂ ಜಾಗ್ರತೆ ಇಲ್ವಾ ನಿಮಗೆ?" ಎಂದು ನನ್ನೆದುರೇ ಮೇಷ್ಟ್ರಿಗೆ ಹೇಳಿ ಪ್ರಿನ್ಸಿಪಾಲರು ಹೊರಟುಹೋದರು.

ಆಮೇಲೆ ಮೇಷ್ಟ್ರು ನನಗೆ ವಿವರಿಸಿದರು. "ಆ ಡ್ರೈವಿಗೆ ಮಳೆಗಾಲದ ಥಂಡಿ ಆಗುದಿಲ್ಲ, ಹೆಚ್ಚು ಹೊತ್ತು ಓಡುದಿಲ್ಲ. ಹಾಗೆ ಜೂನಿನಲ್ಲಿ ಅದು ನಿಲ್ಲಲಿಕ್ಕೆ ಶುರು ಆದ್ರೆ ನಡುವಿನ ಫೈಲುಗಳನ್ನು ಮಾತ್ರ ಎ ಡ್ರೈವಿಗೆ ತಿರುಗಿಸುದು, ಎಲ್ಲವೂ ಅದರಲ್ಲಿ ಹಿಡಿಯುದಿಲ್ಲ. ಅದಕ್ಕೇ ಎರಡು ಸಾಲು. ನೀವು ಕೊಲ್ಲಮೊಗ್ರಿನವರಲ್ವಾ ಮಾರಾಯ್ರೆ, ಮಳೆ ಬರ್ಲಿಕ್ಕೆ ಉಂಟು ಅಂತ ಗೊತ್ತಿಲ್ವಾ?"

ಅವರು ನಕ್ಕರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮುಂದಿನ ವಾರ ನನ್ನನ್ನು ಕಾಯಂ ಮಾಡಿದ ಆದೇಶ ಬಂತು. ನಿಜ ಹೇಳಿಯೇ ಬಿಡುತ್ತೇನೆಂದು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಪೆನ್ನು ಮುಂದೆ ಮಾಡಿದರು. ಸಹಿ ಹಾಕಿ ಬಂದೆ.