ಕತ್ತಿ ರಾಚಪ್ಪ ಕಂಡ ಕೊರತೆ

ಇಳಕಲ್ಲಿನ ವಿಡಿಯೋ ಪಾರ್ಲರಿನ ಬಾಗಿಲಲ್ಲಿ ಟಿಕೀಟು ಹರಿಯುವ ರಾಚಪ್ಪ ಊರಿಗೆಲ್ಲ ಕತ್ತಿ ರಾಚಪ್ಪ. ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ತಗಡಿನ ಕತ್ತಿ ಬೀಸಿದವನು. ಈ ವಾರ ಜಪಾನಿನ ಸಮುರಾಯಿ ವೀರರ ಕಾರ್ಟೂನ್ ಸಿನಿಮಾ ಬಂದಿದೆ, ಒಳಗೆ ಹೋಗುವವರಿಗೆಲ್ಲ ಅವನ ವಿಮರ್ಶೆ ಪುಕ್ಕಟೆ. “ಕತ್ತಿ ಹಿರಿಯೂ ಮದ್ಲ ಉಸುರು ಬಿಗಿಹಿಡದು ನಿಂದರ್ತಾರ ನೋಡ್ರಿ, ಅದು ಭಾಳ ಚಲೋ. ನಾವು ಹಂಗ ನಿಂತಿದ್ರ ಮಾತು ಮರತಾನಂತ ಮಂದಿ ಸೀಟಿ ಹೊಡೀತಿದ್ರು.” ಆಮೇಲೆ ಕುಂದುಗಳು ಶುರು: ಗೆರೆ ಎಳೆದು ಬರೆದ ಮನುಷ್ಯನಿಗೆ ದಮ್ಮು ಹತ್ತುವುದಿಲ್ಲ, ಬೆವರಿಗೆ ಮುಖದ ಬಣ್ಣ ಇಳಿಯುವುದಿಲ್ಲ, ಅವನು ಎಷ್ಟು ಓಡಿದರೂ ಅದೇ ಒಂದು ಗಿಡ ಏಳು ಸಲ ಹಿಂದೆ ಸರಿಯುತ್ತದೆ. ಯಾರಾದರೂ ಛತ್ರಿ ಹಿಡಿದು ಬಂದರೆ ಮುಗಿಯಿತು, ಅದನ್ನು ಕಸಿದುಕೊಂಡು ಖರೆ ವರಸೆ ಹೇಗಿರಬೇಕೆಂದು ತೋರಿಸಿಯೇ ಬಿಡುತ್ತಾನೆ. ಆದರೆ ಕೊನೆಯಲ್ಲಿ ಖಳ ಪೆಟ್ಟು ತಿಂದು ಹಿಂದಕ್ಕೆ ಬೀಳುವಾಗ, ಬಾಗಿಲಲ್ಲೇ ನಿಂತು ನೋಡುವ ರಾಚಪ್ಪನ ಎಡಗೈ ತಾನಾಗಿಯೇ ಸೊಂಟದೆತ್ತರಕ್ಕೆ ಏಳುತ್ತದೆ, ಅಂಗೈ ಮೇಲಾಗಿ. ಕಂಪನಿಯಲ್ಲಿ ಹೊಡೆದವನೇ, ಮಂದಿಗೆ ಕಾಣದ ಹಾಗೆ, ಬೀಳುವವನ ಬೆನ್ನಿಗೆ ಕೈ ಕೊಡಬೇಕು. ಜೊತೆಗಾರ ನೀಲಪ್ಪ ಆ ಕೈಯನ್ನು ನಂಬಿ ಸಾವಿರ ಸಲ ಕಣ್ಣು ಮುಚ್ಚಿ ಬಿದ್ದಿದ್ದ. ಹುನಗುಂದದ ಕ್ಯಾಂಪಿನಲ್ಲಿ ಮಂದಿ ‘ಒನ್ಸ್ ಮೋರ್’ ಎಂದು ಕೂಗಿದರು, ರಾಚಪ್ಪ ಹಿಗ್ಗಿ ಅತ್ತ ತಿರುಗಿದ. ಹಿಡಿಯುವ ಕೈಯಿಲ್ಲದೆ ಬಿದ್ದ ನೀಲಪ್ಪ ಹನ್ನೊಂದು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಆಟ ಮುಗಿದು ಕುರ್ಚಿಗಳು ಖಾಲಿಯಾದ ಮೇಲೆ ಮಾಲೀಕ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುತ್ತಾನೆ. ಪರದೆಯ ಮೇಲೆ ಸತ್ತ ಖಳ ನೆಲ ಬಿಟ್ಟು ಮೆಲ್ಲಗೆ ಎದ್ದು ನೆಟ್ಟಗೆ ನಿಲ್ಲುತ್ತಾನೆ. “ಅದಷ್ಟು ಇನ್ನೊಮ್ಮೆ ತೋರಸ್ರಿ,” ಎನ್ನುತ್ತಾನೆ ರಾಚಪ್ಪ.