ಕಿನುಯೊ ಮಾಯಿಸಿದ ಗಾಯ

ಡಿಸೆಂಬರ್ ಮೊದಲ ವಾರ, ಇನ್ನೂ ಬೆಳಕು ಹರಿದಿಲ್ಲ. ಆಂಗ್ಯೊ ಎಂಬ ಊರಿನ ಬೋನ್ಸಾಯ್ ನರ್ಸರಿಯ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಮರದ ಪೆಟ್ಟಿಗೆಯ ಮೇಲೆ ಕೂತಿರುವ ಸೆಕಿನೆ ಕಿನುಯೊ, ಬಕೆಟ್ಟಿನ ನೀರಿನ ಮೇಲೆ ಕಟ್ಟಿದ ಹಪ್ಪಳದಷ್ಟು ತೆಳು ಮಂಜುಗಡ್ಡೆಯನ್ನು ಬೆರಳಲ್ಲೇ ಒಡೆಯುತ್ತಾರೆ. ಗಂಡನ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅದರಲ್ಲಿ ಅದ್ದಿ, ಎದುರಿಗಿರುವ ಮೊಳದೆತ್ತರದ ಮೇಪಲ್ ಮರಕ್ಕೆ ಸ್ನಾನ ಮಾಡಿಸತೊಡಗುತ್ತಾರೆ. ಎಲೆಯೆಲ್ಲ ಉದುರಿದೆ. ಬೇರಿನ ಸಂದುಗೊಂದಿನ ಪಾಚಿ ಹೋಗಿ ಬೂದುಬಿಳಿ ತೊಗಟೆ ಮೆಲ್ಲಗೆ ಕಾಣತೊಡಗುತ್ತದೆ.

ಬುಡದಿಂದ ನಾಲ್ಕು ಬೆರಳು ಮೇಲೆ, ಕಾಂಡದ ಸರಿಯಾಗಿ ಮುಂಭಾಗದಲ್ಲಿ, ಜೇಡಿಮಣ್ಣಿನಂಥ ಮುಲಾಮಿನ ಬಿಲ್ಲೆಯೊಂದು ಅಂಟಿಕೊಂಡಿದೆ. ಬ್ರಷ್ಷು ಅಲ್ಲಿಗೆ ಬಂದಾಗ ಮಾತ್ರ ಸುತ್ತು ಹಾಕಿಕೊಂಡು ಹೋಗುತ್ತದೆ.

"ಅದನ್ನ ಈಗ್ಲೇ ಮುಟ್ಟಲ್ಲ. ನರ್ಸರಿ ಯಜಮಾನ್ರು ಬರ್ಲಿ. ಇಬ್ರೂ ಒಟ್ಟಿಗೆ ನೋಡ್ತೀವಿ ಅಂತ ಮಾತಾಗಿದೆ. ನಾನೊಬ್ಳೇ ನೋಡಿ ಅತ್ತರೆ ಚೆನ್ನಾಗಿರಲ್ಲ" ಎಂದು ನಗುತ್ತಾರೆ.

ಬಿಲ್ಲೆಯ ಕೆಳಗೆ ಇರುವುದು ಒಂದು ಗಾಯ. ಅದು ಪೂರ್ತಿ ಮುಚ್ಚಿದ್ದರೆ ಮರ ಫೆಬ್ರವರಿಯ ಬೋನ್ಸಾಯ್ ಪ್ರದರ್ಶನಕ್ಕೆ ಹೋಗುತ್ತದೆ. ಮುಚ್ಚದಿದ್ದರೆ ನರ್ಸರಿಯ ಯಜಮಾನ ಮೊರೊಯಿ ಅದನ್ನು ಕುಂಡದಿಂದ ಕಿತ್ತು ಯಾರದೋ ಮನೆಯ ಗೇಟಿನ ಪಕ್ಕ ನೆಡಲು ಕೊಟ್ಟುಬಿಡುತ್ತಾರೆ. ನೆಲಕ್ಕೆ ಹೋದ ಮರ ಮೂರು ವರ್ಷದಲ್ಲಿ ಆಳೆತ್ತರ ಬೆಳೆದು, ಕಿನುಯೊ ಇಷ್ಟು ದಿನ ಮಾಡಿದ್ದೆಲ್ಲ ಅದರ ಹೊಟ್ಟೆಯೊಳಗೆ ಸೇರಿಹೋಗುತ್ತದೆ.

ಕಿನುಯೊಗೆ ಈಗ ಅರವತ್ತಮೂರು. ಈ ಕೆಲಸ ಅವರು ಹುಡುಕಿಕೊಂಡು ಬಂದದ್ದಲ್ಲ. ಗಂಡ ತೆತ್ಸುಜಿ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿದ್ದರು. ಊರಿನ ಕುಲುಮೆಗಳು ಒಂದೊಂದಾಗಿ ತಣ್ಣಗಾದಾಗ ಅವರದ್ದೂ ಬಾಗಿಲು ಹಾಕಿತು. ಆಗ ಕಿನುಯೊ ನರ್ಸರಿಗೆ ಕಳೆ ಕೀಳಲು ಬಂದರು. ಒಂದು ಬೇಸಿಗೆಗೆ ಅಂತ ಬಂದವರು ಇಪ್ಪತ್ತೆಂಟು ವರ್ಷದಿಂದ ಇಲ್ಲೇ ಇದ್ದಾರೆ. ಮೊದಲ ಕೆಲವು ವರ್ಷ ಕೈಗೆ ಸಿಕ್ಕಿದ್ದು ನೀರಿನ ಕೊಳವೆ ಮಾತ್ರ. ಕತ್ತರಿ ಮುಟ್ಟಲು ಮೊರೊಯಿ ಬಿಡಲಿಲ್ಲ.

ಸುಮಾರು ಮುನ್ನೂರು ಕುಂಡಗಳು ಅವರ ಪಾಲಿಗಿವೆ. ವಸಂತದಲ್ಲಿ ಮೇಪಲ್ ಚಿಗುರು ಕೈ ಬಿಚ್ಚುವ ಮೊದಲೇ ನಡುವಿನ ಕುಡಿಯನ್ನು ಉಗುರಲ್ಲಿ ಚಿವುಟಬೇಕು. ಒಂದು ದಿನ ತಡವಾದರೂ ರೆಂಬೆ ಉದ್ದವಾಗಿ ಮರದ ಅಂದ ಕೆಡುತ್ತದೆ. ಜುಲೈ ಬಂತೆಂದರೆ ದಿನಕ್ಕೆ ಮೂರು ಹೊತ್ತು ನೀರು. ಅಂಗೈಯಷ್ಟು ಮಣ್ಣು ಒಂದು ಮಧ್ಯಾಹ್ನ ಒಣಗಿದರೆ ಎಲೆಯ ಅಂಚು ಸುಟ್ಟು, ಆ ವರ್ಷದ ಶರತ್ಕಾಲದ ಎಲೆಗೆಂಪು ಮುಗಿದಂತೆಯೇ. ಹಾಗಾಗಿ ಬೇಸಿಗೆಯಲ್ಲಿ ರಜೆ ಎಂಬ ಮಾತೇ ಇಲ್ಲ. ಮಗಳ ಮದುವೆ ಆಗಸ್ಟಿನಲ್ಲಿ ನಡೆಯಿತು. ಊಟ ಅರ್ಧದಲ್ಲಿರುವಾಗಲೇ ಕಿನುಯೊ ಕಪ್ಪು ಕಿಮೋನೋದಲ್ಲೇ ಟ್ಯಾಕ್ಸಿ ಹತ್ತಿ ನರ್ಸರಿಗೆ ಓಡಿದ್ದರು.

ತೆತ್ಸುಜಿ ಇವತ್ತಿಗೂ ಆ ಮಾತು ತೆಗೆದು ಕೆಣಕುತ್ತಾರೆ. "ಬೀಗರು ಕೇಳಿದ್ರು, ಅಮ್ಮ ಎಲ್ಲಿ ಅಂತ. ಮನೇಲಿ ಮುನ್ನೂರು ಮಕ್ಳಿದಾವೆ, ನೀರು ಕುಡಿಸೋಕೆ ಹೋಗಿದಾಳೆ ಅಂದೆ. ಪಾಪ, ಹೆದರಿಬಿಟ್ರು ಅವ್ರು."

ಮುನ್ನೂರರಲ್ಲಿ ಈ ಒಂದರ ಮೇಲೆ ಮಾತ್ರ ಯಾಕಿಷ್ಟು ಜೀವ ಎಂದರೆ, ಅದರ ಗಾಯಕ್ಕೆ ಕಾರಣ ಸ್ವತಃ ಕಿನುಯೊ. ಹದಿನಾರು ವರ್ಷದ ಹಿಂದೆ ಬೆರಳುದ್ದದ ಸಸಿಯನ್ನು ಹೆಂಚಿನ ಚೂರಿನ ಮೇಲೆ ಕೂರಿಸಿ ಮಣ್ಣು ಮುಚ್ಚಿದವರು ಅವರೇ. ಬೇರು ಕೆಳಗಿಳಿಯಲು ದಾರಿಯಿಲ್ಲದೆ ಸುತ್ತಲೂ ಚಾಚಿಕೊಳ್ಳಲಿ ಎಂಬ ಉಪಾಯ ಅದು. ಕಾಂಡ ದಪ್ಪವಾಗಲೆಂದು ಕೆಳಗಿನ ಒಂದು ಚಿಗುರನ್ನು ಅದರ ಪಾಡಿಗೆ ಬೆಳೆಯಲು ಬಿಟ್ಟರು. ಈ ಕಸುಬಿನವರು ಅದನ್ನು ಬಲಿಕೊಂಬೆ ಎನ್ನುತ್ತಾರೆ. ಮೂರು ವರ್ಷ ಹಾಯಾಗಿ ಬೆಳೆದು ಕಾಂಡಕ್ಕೆ ಮೈ ತುಂಬಿಸಿ, ಆಮೇಲೆ ಗರಗಸಕ್ಕೆ ಕತ್ತು ಕೊಡುವುದೇ ಅದರ ಹಣೆಬರಹ.

"ಈ ವರ್ಷ ಕಡಿದ್ಬಿಡು ಅಂದ್ರು ಯಜಮಾನ್ರು. ಹೂಂ ಅಂದೆ. ಅಷ್ಟರಲ್ಲಿ ನವೆಂಬರ್ ಬಂತು. ಅದರ ಕೆಂಪು ನೋಡಿ ಕೈ ಬರ್ಲಿಲ್ಲ. ಬರೋ ವರ್ಷ ನೋಡೋಣ ಅಂದ್ಕೊಂಡೆ. ಬರೋ ವರ್ಷ ಇನ್ನೂ ಚೆನ್ನಾಗಿ ಕೆಂಪಾಯ್ತು. ಏನ್ ಮಾಡ್ಲಿ ಹೇಳಿ?"

ಮಾಡಿದ್ದೇನೆಂದರೆ, ಮೂರು ಶರತ್ಕಾಲ ಸುಮ್ಮನೆ ನೋಡಿದ್ದು. ಮೊರೊಯಿ ಕಣ್ಣಿಗೆ ಬೀಳುವ ಹೊತ್ತಿಗೆ ಬಲಿಕೊಂಬೆ ಮೂಲಂಗಿ ಗಾತ್ರವಾಗಿತ್ತು. ಕಡಿದಾಗ ಕಾಂಡದ ಮುಖದ ಮೇಲೆ ಮಗುವಿನ ಮುಷ್ಟಿಯಷ್ಟು ಗಾಯ ಉಳಿಯಿತು. ಮರದ ಮೇಲೆ ಪ್ರೀತಿಯಿಲ್ಲದವರು ಇಂಥ ತಪ್ಪು ಮಾಡುವುದಿಲ್ಲ, ನಿಜ. ಆದರೆ ಪ್ರೀತಿಗೆ ಮಾಡಿದ್ದು ಅಂದರೆ ಗಾಯ ಕೇಳುತ್ತದೆಯೇ? ಹಿಂಬದಿಯನ್ನೇ ಮುಂದೆ ತಿರುಗಿಸು ಎಂದರು ಎಲ್ಲರೂ. ಕಿನುಯೊ ಒಪ್ಪಲಿಲ್ಲ. ಬೇರು ಚೆನ್ನಾಗಿ ಹರಡಿದ್ದು ಈ ಕಡೆಗೇ.

ಅಂದಿನಿಂದ ಪ್ರತಿ ಜೂನ್‌ನಲ್ಲಿ ಒಂದೇ ವ್ರತ. ಎಲೆ ಬಲಿತ ಮೇಲೆ ಮುಲಾಮು ಕೀಳುವುದು, ಗಾಯದ ತುಟಿಯನ್ನು ಹರಿತವಾದ ಚಾಕುವಿನಿಂದ ಕೂದಲೆಳೆಯಷ್ಟು ಕೆತ್ತಿ ಮತ್ತೆ ಹಸಿ ಮಾಡುವುದು, ಹೊಸ ಮುಲಾಮು ಮೆತ್ತುವುದು. ಕೆತ್ತಿದಷ್ಟೂ ತೊಗಟೆ ಒಳಕ್ಕೆ ಉರುಳಿಕೊಂಡು ಬರುತ್ತದೆ. ಹೆಚ್ಚು ಕೆತ್ತಿದರೆ ಒಣಗಿ ಹಿಂದೆ ಸರಿಯುತ್ತದೆ. ಮುಷ್ಟಿ ನಾಣ್ಯವಾಯಿತು, ನಾಣ್ಯ ಹುರುಳಿಕಾಳಾಯಿತು.

ಹೋದ ಚಳಿಗಾಲಕ್ಕೆ ಎಳ್ಳಿನಷ್ಟು ಉಳಿದಿತ್ತು. ಮೊರೊಯಿ ಆಗಲೇ ಪ್ರದರ್ಶನಕ್ಕೆ ಹೆಸರು ಕೊಟ್ಟಾಗಿತ್ತು. "ಎಳ್ಳಷ್ಟು ತಾನೆ, ಒಂಚೂರು ಪಾಚಿ ಅಂಟಿಸು. ಯಾರು ಭೂತಗನ್ನಡಿ ಹಿಡ್ಕೊಂಡು ಬರ್ತಾರೆ?" ಎಂದರು. ಅನೇಕರು ಹಾಗೇ ಮಾಡುತ್ತಾರೆ. ಕಿನುಯೊ ತಲೆ ತಗ್ಗಿಸಿಯೇ ಬೇಡವೆಂದರು. ನಾವು ಮುಚ್ಚಿಡೋದು ಬೇರೆ, ಗಾಯ ತಾನೇ ಮುಚ್ಚಿಕೊಳ್ಳೋದು ಬೇರೆ ಅನ್ನುವುದು ಅವರ ವಾದ. ಮೊರೊಯಿ ಹೆಸರು ವಾಪಸ್ ಪಡೆದರು. ಒಂದು ವಾರ ಚಹಾದ ಹೊತ್ತಿನಲ್ಲೂ ಮಾತಾಡಲಿಲ್ಲ. ಎಂಟನೆಯ ದಿನ ಸುಟ್ಟ ಗೆಣಸೊಂದನ್ನು ಮುಂದೆ ಇಟ್ಟು, "ಇನ್ನೊಂದೇ ವರ್ಷ. ಆಮೇಲೆ ಗೇಟಿನ ಪಕ್ಕ" ಎಂದು ಎದ್ದುಹೋದರು.

ಆ ಒಂದು ವರ್ಷ ಇವತ್ತಿಗೆ ಮುಗಿದಿದೆ. ಏಳು ಗಂಟೆಗೆ ಮೊರೊಯಿ ಕೈ ಉಜ್ಜಿಕೊಳ್ಳುತ್ತಾ ಬರುತ್ತಾರೆ. ಎಪ್ಪತ್ತೊಂದರ, ಕುತ್ತಿಗೆಗೆ ಟವೆಲ್ ಸುತ್ತಿದ ಗಿಡ್ಡ ಮನುಷ್ಯ.

"ಏನು, ಇನ್ನೂ ತೆಗ್ದಿಲ್ವಾ?"

"ನೀವೇ ತೆಗೀರಿ."

"ನಾನ್ಯಾಕೆ? ಕಡೀಬೇಕಾದಾಗ ಕಡೀದೆ ಕೂತವ್ಳು ನೀನು. ನೀನೇ ತೆಗಿ."

ಚಳಿಗೆ ಬಿರಿದು ಪಟ್ಟಿ ಸುತ್ತಿದ ಹೆಬ್ಬೆರಳಿನಿಂದ ಕಿನುಯೊ ಬಿಲ್ಲೆಯ ಅಂಚನ್ನು ಎಬ್ಬಿಸುತ್ತಾರೆ. ಅದು ಇಡಿಯಾಗಿ ಬಿಟ್ಟುಕೊಂಡು ಬರುತ್ತದೆ. ಮೊರೊಯಿ ಕನ್ನಡಕ ಹಣೆಗೇರಿಸಿ ಬಗ್ಗುತ್ತಾರೆ. ಎಳ್ಳಿದ್ದ ಜಾಗದಲ್ಲಿ ತೆಳು ಹಸಿರಿನ ಒಂದು ಚುಕ್ಕೆ, ನಯವಾದ ಎಳೆ ತೊಗಟೆ. ತೂತಿಲ್ಲ, ಗೆರೆಯಿಲ್ಲ. ಬೆರಳಾಡಿಸಿದರೂ ಸಿಗುವುದಿಲ್ಲ.

"ನನಗೆ ಕುಂಡ ಹುಡುಕೋ ಕೆಲ್ಸ ಹಚ್ಚಿದೆ ನೋಡು" ಎಂದು ಗೊಣಗಿ ಮೊರೊಯಿ ಶೆಡ್ಡಿನ ಒಳಗಿನ ಕಪಾಟಿನತ್ತ ಹೋಗುತ್ತಾರೆ. ಅವರು ಅದರಿಂದ ತೆಗೆದದ್ದು ಅವರ ತಂದೆಯ ಕಾಲದ ನೀಲಿ ಕುಂಡ. ಅದನ್ನು ನೋಡಿ ಕಿನುಯೊ ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಾರೆ.

ಎರಡು ತಿಂಗಳ ಬಿಸಿಲು ಗಾಳಿಗೆ ಚುಕ್ಕೆಯ ಹಸಿರೂ ತೊಗಟೆಯ ಬೂದುಬಣ್ಣದೊಳಗೆ ಬೆರೆತುಹೋಗಿದೆ. ಫೆಬ್ರವರಿಯ ಪ್ರದರ್ಶನದಲ್ಲಿ ಬೋಳು ಮರ ನೀಲಿ ಕುಂಡದಲ್ಲಿ ನಿಂತಿದೆ. ಬೇರುಗಳು ಮಣ್ಣನ್ನು ಅವುಚಿ ಹಿಡಿದಿವೆ. ಕಡ್ಡಿಗಳ ತುದಿ ನೋಡನೋಡುತ್ತ ಗಾಳಿಯಲ್ಲಿ ಕರಗುವಷ್ಟು ಸಣ್ಣ. ಎದುರಿನ ಚೀಟಿಯಲ್ಲಿ, ಎಲ್ಲ ಕಡೆಯಂತೆ, ಒಡೆಯನ ಹೆಸರು ಮಾತ್ರ ಇದೆ. ಬೆಳೆಸಿದವರ ಹೆಸರು ಬರೆಯುವ ಪದ್ಧತಿ ಈ ಲೋಕದಲ್ಲಿಲ್ಲ. ಅದರ ಬಗ್ಗೆ ಕೇಳಿದರೆ ಕಿನುಯೊಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅವರ ಆಸೆ ಸಣ್ಣದು. ಕೆಂಪು ನೋಡಿ ಕೈ ಬಾರದೆ ತಾನು ಮಾಡಿದ್ದು ಈ ಮರದ ಮೈಮೇಲೆ ಯಾರಿಗೂ ಕಾಣಬಾರದು.

ಮಧ್ಯಾಹ್ನ ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು ಮರದ ಮುಂದೆ ನಿಂತವರು ಕದಲುವುದಿಲ್ಲ. ಬಗ್ಗಿ ಕಾಂಡವನ್ನು ಕೆಳಗಿನಿಂದ ಮೇಲಿನ ತನಕ ನೋಡುತ್ತಾರೆ. ಅವರ ಕಣ್ಣು ಆ ಜಾಗವನ್ನು ದಾಟುವಾಗ ನೀರಿನ ಸೀಸೆ ಹಿಡಿದು ಪಕ್ಕದಲ್ಲಿ ನಿಂತ ಕಿನುಯೊ ಉಸಿರು ಬಿಡುವುದಿಲ್ಲ. ಮೊರೊಯಿ ಸುಮ್ಮನೆ ಚಾವಣಿ ನೋಡುತ್ತಿದ್ದಾರೆ.

"ಎಂಥ ಪುಣ್ಯ ಮಾಡಿತ್ತೋ ಈ ಮರ" ಎನ್ನುತ್ತಾರೆ ಅಜ್ಜಿ. "ಒಂದು ಪೆಟ್ಟು ಬಿದ್ದಿಲ್ಲ, ಒಂದು ಗರಗಸ ಮುಟ್ಟಿಲ್ಲ. ಅಲ್ವೇನಮ್ಮ?"

ಕಿನುಯೊ ಸೊಂಟ ಬಗ್ಗಿಸಿ ವಂದಿಸುತ್ತಾರೆ.

"ಹೌದಜ್ಜಿ. ಅದಕ್ಕೆ ಏನೂ ಆಗೇ ಇಲ್ಲ."